ಮೊದಲ ಹಿಟ್ಟು

ಬಮ್ಮಿಗಟ್ಟಿ
೧೨ ಜುಲೈ ೨೦೨೪

ತಂಗಿ ಜಮಾಲಬಿಗೆ,

ಕ್ಷೇಮ ಎಂದು ಬರೆಯುವ ಮೊದಲು ಎರಡೂ ಮೊಣಕಾಲುಗಳನ್ನು ಕೇಳಿಕೊಂಡೆ. ಎಡಗಡೆಯದು ದೇವರು ಕೊಟ್ಟದ್ದು, ಅದು ಗೊಣಗಿತು. ಬಲಗಡೆಯದು ಡಾಕ್ಟರು ಕೊಟ್ಟದ್ದು, ಅದು ಸುಮ್ಮನಿದೆ. ಅಂದಮೇಲೆ ಕ್ಷೇಮವೇ.

ಈ ವಾರಕ್ಕೆ ಐದು ವರ್ಷವಾಯಿತು, ನೆನಪಿದೆಯಾ? ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನದು ಕಿಟಕಿಯ ಮಂಚ, ನಿನ್ನದು ಅದರ ಬಾಜು. ಒಂದೇ ದಿನ ಇಬ್ಬರ ಬಲ ಮೊಣಕಾಲಿನ ಕೀಲು ಬದಲಿಸಿದರು. ನಕಲಿ ಒಡವೆ ಹಾಕಿಕೊಂಡರೆ ಇಬ್ಬರಿಗೂ ಮೈ ತುರಿಸುತ್ತದೆ ಎಂದು ಗೊತ್ತಾಗಿ, ಬಂಗಾರದ ಬಣ್ಣದ ಲೇಪವಿರುವ ಕೀಲನ್ನೇ ಆರಿಸಿದರು. ಅದರ ಮಾದರಿಯನ್ನು ತೋರಿಸಿದಾಗ ನೀನು ಔಷಧದ ಚೀಟಿಯ ಹಿಂದೆ ಬರೆದು ನನ್ನ ಕೈಗಿಟ್ಟಿದ್ದೆ: "ಅಕ್ಕಾ, ಕಿವಿಗೆ ಬಂಗಾರ ಬರಲಿಲ್ಲ, ಮೊಣಕಾಲಿಗೆ ಬಂತು ನೋಡ್ರಿ." ನಾನು ನಕ್ಕು ನಕ್ಕು ಹೊಲಿಗೆ ನೋಯಿಸಿಕೊಂಡೆ. ನನ್ನ ಕಿವಿ ಚಿಕ್ಕಂದಿನಿಂದ ಸೋರಿ ಸೋರಿ ಪರದೆ ಹೋಗಿ ಎಷ್ಟೋ ವರ್ಷವಾಯಿತು. ಮನೆಯವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ಫೋನಿಗೆ ತುಟಿ ಎಲ್ಲಿಂದ ತರುವುದು? ಆ ಹನ್ನೊಂದು ದಿನ ಚೀಟಿಯ ಬೆನ್ನ ಮೇಲೆ ಮಾತಾಡಿದ ನಮಗೆ ಈಗಲೂ ಅಂಚೆಯೇ ಗತಿ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸಂಜೆಯಾದರೆ ಮೊಣಕಾಲು ಬಿಸಿಯಾಗಿ ಊದಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ತೆಗೆಸಬೇಕಾದ ಎಕ್ಸರೇ ಎರಡು ವರ್ಷದಿಂದ ತೆಗೆಸಿಲ್ಲ, ಹೋಗಲೋ ಬೇಡವೋ ಎಂದು ಕೇಳಿದ್ದೀ. ನಾನೂ ತೆಗೆಸಿಲ್ಲ, ನನಗೇನಾಗಿದೆ? ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವಳ ಮಾತು ಕೇಳು. ಎರಡು ತಿಂಗಳಿಗೊಮ್ಮೆ ದೇವಿಕೊಪ್ಪದಿಂದ ತಿರಕಪ್ಪ ಬಂದು ನಮ್ಮ ಗಿರಣಿಯ ಕಲ್ಲು ಬಿಚ್ಚುತ್ತಾನೆ. ಸವೆದು ನುಣುಪಾದ ಕಲ್ಲಿಗೆ ಉಳಿಯಿಂದ ಹೊಡೆದು ಮತ್ತೆ ಹಲ್ಲು ಮೂಡಿಸುತ್ತಾನೆ. ಹಾಗೆ ಮಾಡಿದ ದಿನ ಮೊದಲು ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುತ್ತದೆ. ಅದಕ್ಕೇ ಒಂದು ಸೇರು ಹುಳುಕು ಜೋಳ ಸುರಿದು, ಬೀಸಿ, ಆ ಹಿಟ್ಟನ್ನು ಹಿತ್ತಲ ಮೂಲೆಯಲ್ಲಿ ಚೆಲ್ಲುತ್ತೇವೆ. ಮನುಷ್ಯರಿಗೂ ಇಲ್ಲ, ದನಕ್ಕೂ ಇಲ್ಲ. ಆ ಮೊದಲ ಹಿಟ್ಟು ಹೋದ ಮೇಲೆ ಕಲ್ಲಿಗೆ ಕಲ್ಲು ಹೊಂದಿಕೊಳ್ಳುತ್ತದೆ.

ನಿನ್ನದೂ ಅದೇ ಕಥೆ. ನಾನು ದಿನವಿಡೀ ನಿಂತು ಓಡಾಡುವವಳು, ನನ್ನ ಮೊದಲ ಹಿಟ್ಟು ಮೊದಲ ವರ್ಷವೇ ಹೋಯಿತು. ನೀನು ಜಮಖಾನೆಯ ಮಗ್ಗದ ಮುಂದೆ ಸ್ಟೂಲಿನ ಮೇಲೆ ಕುಳಿತೇ ಐದು ವರ್ಷ ಕಳೆದೆ. ನಿನ್ನ ಕೀಲು ಈಗ ಬೀಸಲು ಶುರುಮಾಡಿದೆ. ನಡೆ. ಬಿಸಿಯಾದರೂ ನಡೆ. ಪುಡಿ ಹೋಗಲಿ.

ನನಗೆ ಈಚೆಗೆ ಒಂದು ಚಂದದ ಕನಸು ಬೀಳುತ್ತಿದೆ. ಮಧ್ಯಾಹ್ನ ತ್ರೀ ಫೇಸ್ ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ನಾನು ಪಡಸಾಲೆಯಲ್ಲಿ ಒರಗುತ್ತೇನೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ, ಆ ಹೊತ್ತಿಗೆ ಎಲ್ಲೋ ಒಂದು ಸಣ್ಣ ಗಿರಣಿ ತಿರುಗುವುದು ಕೇಳಿಸುತ್ತದೆ. ನನಗೆ ಕೇಳಿಸುತ್ತದೆ ಅಂದರೆ ಕನಸೇ ಇರಬೇಕಲ್ಲ! ಬಟ್ಟಲಿನಷ್ಟು ಪುಟ್ಟ ಗಿರಣಿ. ಯಾರೋ ಅದಕ್ಕೆ ಹಿಡಿ ಹಿಡಿಯಾಗಿ ಕಾಳು ಹಾಕುತ್ತಿದ್ದಾರೆ. ಎದ್ದರೆ ಇಲ್ಲ.

ನಿನ್ನ ಅಕ್ಕ
ಶಾರದವ್ವ


ನವಲಗುಂದ
೩ ಆಗಸ್ಟ್ ೨೦೨೪

ಶಾರದಕ್ಕಗ ಜಮಾಲಬಿಯ ಸಲಾಮು.

ನಿಮ್ಮ ಪತ್ರ ಬಂದ ದಿನವೇ ನಡೆಯಲು ಶುರುಮಾಡಿದೆ. ಬೆಳಿಗ್ಗೆ ಕೆರೆಯ ದಂಡೆಗೆ ಹೋಗಿ ಒಂದು ಸುತ್ತು ಹಾಕುತ್ತೇನೆ. ಈ ವಾರದಿಂದ ಎರಡು ಸುತ್ತು. ನಮ್ಮ ಯಜಮಾನರು ಮಶಾಕಸಾಬರು ಹಿಂದೆ ಹಿಂದೆ ಬರುತ್ತಾರೆ. "ಹುಬ್ಬಳ್ಳಿಗೆ ಹೋಗೂಣು ನಡಿ, ಫೋಟೋ ತೆಗಸ್ಕೊಂಡು ಬರೂಣು," ಎಂದು ದಿನಾ ಹೇಳುತ್ತಾರೆ. "ಅಕ್ಕಗ ಕಲ್ಲಿನ ಸಂಗತಿ ಗೊತ್ತೈತಿ, ನಿಮಗೇನ್ ಗೊತ್ತೈತ್ರಿ?" ಎಂದು ಅವರ ಬಾಯಿ ಮುಚ್ಚಿಸಿದ್ದೇನೆ.

ಮಳೆ ಹಿಡಿದುಕೊಂಡಿದೆ. ಕಪ್ಪು ಎರಿ ಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲೂ ಒಂದೊಂದು ಕೊಡದಷ್ಟು ಭಾರ. ಮನೆಗೆ ಬಂದು ಮಗ್ಗದ ಮುಂದೆ ಕುಳಿತರೆ ಎದೆ ಹಗುರಾಗುತ್ತದೆ. ಈಗ ಹಾಕಿರುವುದು ನಡುವೆ ಪಗಡಿ ಪಟ ಇರುವ ಜಮಖಾನೆ, ನಾಲ್ಕೂ ಮೂಲೆಗೆ ನವಿಲು. ಎಳೆ ಕೂರಿಸಲು ಕಬ್ಬಿಣದ ಪಂಜಾದಿಂದ ಹೊಡೆದಾಗಲೆಲ್ಲ ಬಿಸಿಲ ಕೋಲಿನಲ್ಲಿ ಹತ್ತಿಯ ನವಿರು ಏಳುತ್ತದೆ. ಕೆಂಪು ನೂಲಿಗೆ ಕೆಂಪು, ಹಳದಿಗೆ ಹಳದಿ. ಅದನ್ನು ನೋಡುತ್ತ ನಿಮ್ಮ ಪುಟ್ಟ ಗಿರಣಿಯ ನೆನಪಾಯಿತು. ಅದರ ಹಿಟ್ಟಿನ ಬಣ್ಣ ಯಾವುದು? ಮುಂದಿನ ಸಲ ನೋಡಿಕೊಂಡು ಬರೆಯಿರಿ.

ಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಅದರ ಕಡೆ ಲಕ್ಷ್ಯ ಕೊಡಬೇಡಿ, ಮಸಿ ಚೆಲ್ಲಿತ್ತು.

ನಿಮ್ಮ ತಂಗಿ
ಜಮಾಲಬಿ


ಬಮ್ಮಿಗಟ್ಟಿ
೨೦ ಸೆಪ್ಟೆಂಬರ್ ೨೦೨೪

ತಂಗಿ ಜಮಾಲಬಿಗೆ,

ಶಾಣ್ಯಾಕಿ ನೀನು! ಎರಡು ಸುತ್ತು ಅಂದರೆ ಕಡಿಮೆಯಾಯಿತೇ? ಈಗ ನಾಲ್ಕಾಗಿರಬೇಕು. ನಾನು ಇಲ್ಲಿ ಬರುವ ಹೋಗುವವರಿಗೆಲ್ಲ ನಿನ್ನ ಸುದ್ದಿ ಹೇಳುತ್ತಿದ್ದೇನೆ. ಜೋಳದ ಡಬ್ಬಿ ಹೊತ್ತು ಬಂದವರು ಹಿಟ್ಟಿನ ಜೊತೆ ನಿನ್ನ ಮೊಣಕಾಲನ್ನೂ ಮನೆಗೆ ಒಯ್ಯುತ್ತಾರೆ.

ಹೊಡೆದುಹಾಕಿದ ಸಾಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಮಸಿ ಚೆಲ್ಲಿದ್ದಲ್ಲ ಅದು, ಗೆರೆಯ ಮೇಲೆ ಗೆರೆ ಎಳೆದಿದ್ದೀ. ಏನು ಬರೆದಿದ್ದೆ? ನನ್ನನ್ನು ಬೈದಿದ್ದರೆ ನೇರ ಬೈದುಬಿಡು.

ಹಿಟ್ಟಿನ ಬಣ್ಣ ನೋಡಿಕೊಂಡೆ. ಬಂಗಾರ! ಸುಳ್ಳಲ್ಲ. ಮೊನ್ನೆ ಮಧ್ಯಾಹ್ನ ಒರಗಿದ್ದೆ. ಗಿರಣಿಯ ಸದ್ದು ಶುರುವಾಯಿತು, ಗರ್ ಗರ್ ಎಂದು ಅಗದಿ ಹತ್ತಿರ. ನಾನು ಕನಸಿನಲ್ಲೇ ಎದ್ದು ಅದರ ಬಾಯಿಗೆ ಕೈಯೊಡ್ಡಿದೆ. ಬೆಚ್ಚಗಿನ ಬಂಗಾರದ ಹಿಟ್ಟು ಬೆರಳ ಸಂದಿಯಿಂದ ಇಳಿಯಿತು, ನೆಲಕ್ಕೆ ಮಾತ್ರ ಬೀಳಲಿಲ್ಲ. ಎಲ್ಲಿಗೆ ಹೋಯಿತೋ! ಪಕ್ಕಕ್ಕೆ ಹೊರಳಿದೆ, ಸದ್ದು ಒಮ್ಮೆ ಜೋರಾಗಿ ನಿಂತುಹೋಯಿತು. ಎದ್ದ ಮೇಲೂ ಬಹಳ ಹೊತ್ತು ಖುಷಿ ಉಳಿದಿತ್ತು. ನನ್ನಂಥ ಕಿವುಡಿಗೆ ಸದ್ದಿನ ಕನಸು ಅಂದರೆ ಹಬ್ಬದೂಟ.

ನಮ್ಮ ಯಜಮಾನರು ಈರಬಸಪ್ಪನವರು ಇಲಿಯ ಬೋನು ತಂದಿದ್ದಾರೆ. ನಾನು ಮಲಗಿದಾಗ ಪಡಸಾಲೆಯಲ್ಲಿ ಏನೋ ಕೊರೆಯುವ ಸದ್ದು ಬರುತ್ತದಂತೆ. ನನ್ನ ಕಾಲ ಕಡೆಗೇ ಬೋನಿಟ್ಟು, ಒಂದು ತುಂಡು ಒಣ ಕೊಬ್ಬರಿ ಸಿಕ್ಕಿಸಿ, ಗೋಡೆಗೊರಗಿ ಕಾಯುತ್ತ ಕೂರುತ್ತಾರೆ. ಇಪ್ಪತ್ತು ದಿನವಾಯಿತು, ಒಂದು ಇಲಿಯೂ ಬಿದ್ದಿಲ್ಲ. ಕೊಬ್ಬರಿಯನ್ನು ದಿನಾ ನಾನೇ ತಿನ್ನುತ್ತೇನೆ.

ನನಗೆ ನೋವು ಎಂಬುದೇ ಇಲ್ಲ. ನೀನೂ ಬೇಗ ನನ್ನಂತಾಗುತ್ತೀ.

ಶಾರದವ್ವ


ಬಮ್ಮಿಗಟ್ಟಿ
೧೮ ನವೆಂಬರ್ ೨೦೨೪

ಜಮಾಲಬಿಗೆ,

ಎರಡು ತಿಂಗಳಾಯಿತು. ಪೋಸ್ಟಿನವನನ್ನು ಕೇಳಿ ಕೇಳಿ ಈಗ ಅವನು ನಮ್ಮ ಗಿರಣಿ ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸಿ ಸೈಕಲ್ ತಿರುಗಿಸುತ್ತಾನೆ. ಜಮಖಾನೆಯ ಕೆಲಸ ಜೋರಿರಬೇಕು. ನಡೆದು ನಡೆದು ಗಟ್ಟಿಯಾಗಿ ಈಗ ಕುಳಿತು ಬರೆಯಲು ಪುರುಸೊತ್ತಿಲ್ಲವೇನೋ.

ದಿನವಿಡೀ ಕುಳಿತಿರುತ್ತೀ ಎಂದು ಬರೆದದ್ದಕ್ಕೆ ಸಿಟ್ಟೇ? ಅದನ್ನು ಚೇಷ್ಟೆಗೆ ಬರೆದೆ ತಂಗೀ. ನೀನು ಕುಳಿತು ಮಾಡುವ ಕೆಲಸ ನಾನು ಏಳು ಜನ್ಮ ನಿಂತರೂ ಮಾಡಲಾರೆ. ಗೋವಿನಜೋಳದ ಸುಗ್ಗಿ ಮುಗಿದು ಗಿರಣಿಯ ಮುಂದೆ ಡಬ್ಬಿಗಳ ಸಾಲು ನಿಂತಿದೆ, ಇಷ್ಟೇ ಬರೆಯಲು ಆಯಿತು.

ಶಾರದವ್ವ


ಬಮ್ಮಿಗಟ್ಟಿ
೯ ಜನವರಿ ೨೦೨೫

ಶ್ರೀಮತಿ ಜಮಾಲಬಿಯವರಿಗೆ,

ತಾವು ಕ್ಷೇಮವಾಗಿರಬಹುದೆಂದು ತಿಳಿಯುತ್ತೇನೆ. ಕಿವುಡರ ಜೊತೆ ಮಾತು ಬೇಸರ ತರುವುದು ನನಗೆ ಹೊಸದಲ್ಲ. ಎಳ್ಳು ಬೆಲ್ಲವನ್ನು ಪಾಕೀಟಿನಲ್ಲಿ ಕಳಿಸಬೇಕೆಂದಿದ್ದೆ, ಕಳಿಸಲಿಲ್ಲ. ಇದೇ ನನ್ನ ಕೊನೆಯ ಕಾರ್ಡು.

ಶಾರದವ್ವ ಈರಬಸಪ್ಪ


ನವಲಗುಂದ
೨೬ ಫೆಬ್ರುವರಿ ೨೦೨೫

ಶಾರದಕ್ಕಾ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೂರರಲ್ಲೂ ನಿಮ್ಮನ್ನು ಬೈದಿದ್ದೆ. ಇದು ನಾಲ್ಕನೆಯದು, ಇದರಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಆಗಸ್ಟ್‌ನಲ್ಲಿಯೇ ನೋವು ತಡೆಯಲಾರದಷ್ಟಿತ್ತು. ನಾಲ್ಕು ಸುತ್ತು ನಡೆಯುತ್ತಿದ್ದೆ ನಿಜ, ತುಟಿ ಕಚ್ಚಿಕೊಂಡು. ನೀವು ಪುಡಿ ಹೋಗಲಿ ಎಂದಿದ್ದಿರಿ. ಹೋಗುತ್ತಿದೆ, ಹೋಗುತ್ತಿದೆ ಎಂದುಕೊಳ್ಳುತ್ತಿದ್ದೆ. ಅಕ್ಟೋಬರ್ ಕೊನೆಗೆ ಒಂದು ಬೆಳಿಗ್ಗೆ ನವಿಲಿನ ಕೊರಳಿಗೆ ನೀಲಿ ಎಳೆ ಹಾಕಿ ಎದ್ದೆ. ಬಲಗಾಲು ನನ್ನದಲ್ಲ ಎಂಬಂತೆ ಪಕ್ಕಕ್ಕೆ ವಾಲಿತು. ಬಿದ್ದೆ. ಪಂಜಾ ನೆಲಕ್ಕೆ ಬಡಿದ ಸದ್ದಿಗೆ ಯಜಮಾನರು ಓಡಿಬಂದರು.

ಹುಬ್ಬಳ್ಳಿಯಲ್ಲಿ ನಮ್ಮ ಅದೇ ಡಾಕ್ಟರು ಎಕ್ಸರೇಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಕೀಲಿನ ಸುತ್ತ ಎಲುಬೇ ಕರಗಿಹೋಗಿತ್ತು. ಯಾಕೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ.

"ನೋಡವಾ, ನಡದಂಗೆಲ್ಲಾ ಕೀಲು ಒಂದೀಟು ಸವೀತೈತಿ. ನಡುವಿನ ಪ್ಲಾಸ್ಟಿಕ್ ಸವೀತೈತಿ. ನಿನ್ನ ಕೀಲಿನಾಗ ಒಂದು ಬಾಜೂಕ ಬಂಗಾರದ ಲೇಪಾನೂ ಎದ್ದೈತಿ. ಆ ಪುಡಿ ಕಣ್ಣಿಗೆ ಕಾಣಂಗಿಲ್ಲ, ಅಷ್ಟು ಸಣ್ಣದು. ಮೈಯಾಗ ಕಾವಲು ಕಾಯೂ ಕಣ ಇರ್ತಾವು. ಅವು ಬಂದು ಆ ಪುಡೀನ ನುಂಗತಾವು. ನುಂಗಿದ್ದು ಕರಗಂಗಿಲ್ಲ. ಅವು ಸಾಯ್ತಾವು, ಸಾಯೂ ಮುಂದ ಮತ್ತಷ್ಟು ಮಂದೀನ ಕರೀತಾವು. ಆ ಗದ್ದಲದಾಗ ಪುಡಿ ಹಂಗs ಉಳೀತೈತಿ, ಬಾಜೂದ ಎಲುಬು ಹೋಗತೈತಿ."

"ನನ್ನ ಮೈ ತಪ್ಪು ಮಾಡೇತೇನ್ರಿ?" ಎಂದೆ.

"ಇಲ್ಲವಾ. ಅದು ತನ್ನ ಕೆಲಸಾ ಮಾಡೇತಿ. ಮನಿ ಹಸನ ಮಾಡಾಕ ಹೋಗೇತಿ, ಅಷ್ಟs."

ಅಕ್ಕಾ, ಸಗಣಿ ಸಾರಿಸಿದ ನೆಲವನ್ನು ಒಂದೇ ಸಮ ಗುಡಿಸಿದರೆ ಏನಾಗುತ್ತದೆ ಹೇಳಿ? ಕಸ ಹೋಗದಿದ್ದರೆ ನೆಲವೇ ಎದ್ದು ಬರುತ್ತದೆ. ನನ್ನ ಮೈ ಹಾಗೆ ಗುಡಿಸಿತು. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿಮ್ಮ ಮೇಲೆ ಬಂತು. ಯಾಕೆಂದರೆ ಇನ್ನೊಂದು ಮಾತು ಕೇಳಿದ್ದೆ: ಜುಲೈಯಲ್ಲಿ ಬಂದಿದ್ದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಆಗ ಬಂದಿದ್ರ ಪ್ಲಾಸ್ಟಿಕ್ ಅಷ್ಟs ಬದಲಿ ಮಾಡಿ ಕಳಸಾಕ ಆಗತಿತ್ತೋ ಏನೋ," ಎಂದರು.

ಡಿಸೆಂಬರ್ ನಾಲ್ಕಕ್ಕೆ ಆಪರೇಶನ್ ಆಯಿತು. ಹಳೆಯದನ್ನು ತೆಗೆದು ಉದ್ದ ಕಡ್ಡಿಯ ದೊಡ್ಡ ಕೀಲು ಕೂರಿಸಿದರು. ತೆಗೆದದ್ದನ್ನು ತೋರಿಸಿದರು. ನಮ್ಮ ಬಂಗಾರ ಒಂದು ಕಡೆ ಹೋಗಿ ಒಳಗಿನ ಬಿಳಿ ಲೋಹ ಕಾಣುತ್ತಿತ್ತು. ಸುತ್ತಲಿನ ಮಾಂಸ ಬೂದಿಯ ಬಣ್ಣಕ್ಕೆ ತಿರುಗಿತ್ತಂತೆ. ಈಗ ಬಲಗಾಲು ಒಂದು ಬೆರಳಗಲದಷ್ಟು ಗಿಡ್ಡ. ಕೋಲು ಹಿಡಿದು ಬಚ್ಚಲಿನವರೆಗೆ ಹೋಗಿ ಬರುತ್ತೇನೆ. ಮಗ್ಗದ ಮೇಲೆ ನವಿಲು ಕೊರಳಿನವರೆಗೆ ಬಂದು ನಿಂತಿದೆ.

ನಿಮ್ಮ ಮೇಲೆ ಸಿಟ್ಟಿದ್ದಾಗ ನಿಮ್ಮ ಪತ್ರಗಳನ್ನು ಒಲೆಗೆ ಹಾಕಲು ತೆಗೆದೆ. ಹಾಕುವ ಮೊದಲು ಓದಿದೆ. ಅಕ್ಕಾ, ಆ ಪುಟ್ಟ ಗಿರಣಿಯ ಕನಸು. ಮಲಗಿದಾಗ ಕೇಳಿಸುತ್ತದೆ, ಹೊರಳಿದರೆ ಜೋರಾಗುತ್ತದೆ, ಬಂಗಾರದ ಹಿಟ್ಟು ನೆಲಕ್ಕೆ ಬೀಳುವುದಿಲ್ಲ. ನಿಮ್ಮ ಯಜಮಾನರಿಗೂ ಅದು ನಿಮ್ಮ ಕಾಲ ಕಡೆಯಿಂದಲೇ ಕೇಳಿಸುತ್ತದೆ. ಇಪ್ಪತ್ತು ದಿನ ಬೋನಿಗೆ ಬೀಳದ ಇಲಿ ಅದ್ಯಾವುದು?

ಪತ್ರಗಳನ್ನು ಒಲೆಯಿಂದ ದೂರ ಇಟ್ಟೆ. ಅದು ಕನಸಲ್ಲ ಅಕ್ಕಾ. ಅದು ನಿಮ್ಮ ಮೊಣಕಾಲು.

ನನಗೆ ನೋವಿಲ್ಲ ಎಂದು ಬರೆದಿದ್ದೀರಿ. ಡಾಕ್ಟರು ಅದನ್ನೂ ಹೇಳಿದ್ದಾರೆ: "ಕೆಲವರಿಗೆ ನೋವs ಇರಂಗಿಲ್ಲ, ಎಲುಬು ಹೋಗೂತನಕ ಗೊತ್ತಾಗಂಗಿಲ್ಲ." ಈ ಪತ್ರ ಮುಟ್ಟಿದ ದಿನವೇ ಹುಬ್ಬಳ್ಳಿಯ ಬಸ್ಸು ಹಿಡಿಯಿರಿ. ನಿಮ್ಮ ಮಾತು ನಾನು ಕೇಳಿದೆ. ನನ್ನ ಮಾತು ನೀವು ಒಂದು ಸಲ ಕೇಳಿ.

ಜಮಾಲಬಿ


ನವಲಗುಂದ
೨ ಏಪ್ರಿಲ್ ೨೦೨೫

ಶಾರದಕ್ಕಾ,

ರಂಜಾನ್ ಮುಗಿಯಿತು. ಶಾವಿಗೆ ಹಾಲಿನ ಸುರಕುಂಬಾ ಕುಡಿಯುವಾಗ ನೀವು ಆಸ್ಪತ್ರೆಯಲ್ಲಿ ಬಟ್ಟಲು ನೆಕ್ಕಿದ್ದು ನೆನಪಾಯಿತು. ನಿಮ್ಮಿಂದ ಉತ್ತರ ಇಲ್ಲ. ನಾನು ಒರಟಾಗಿ ಬರೆದೆನೇನೋ. ಬರೆದ ರೀತಿಗೆ ಬೇಸರವಿದೆ, ಹೇಳಿದ ಸಂಗತಿಗೆ ಇಲ್ಲ.

ಸಿಟ್ಟಿದ್ದರೆ ಇರಲಿ, ಒಂದು ಕಾರ್ಡಿನಲ್ಲಿ 'ಹೋಗಿಬಂದೆ' ಎಂದು ಬರೆದು ಹಾಕಿ. ಬೇರೇನೂ ಬೇಡ. ಮಧ್ಯಾಹ್ನವಾದರೆ ನನಗೀಗ ನಿಮ್ಮ ಆ ಗಿರಣಿ ಇಲ್ಲಿ ಕೇಳಿಸುತ್ತದೆ. ನಿದ್ದೆ ಬರುವುದಿಲ್ಲ.

ಜಮಾಲಬಿ


ಬಮ್ಮಿಗಟ್ಟಿ
೨೧ ಏಪ್ರಿಲ್ ೨೦೨೫

ತಂಗೀ,

ಹೋಗಿಬಂದೆ.

ಈಗ ಉಳಿದದ್ದನ್ನು ಬರೆಯುತ್ತೇನೆ. ನಿನ್ನ ದೊಡ್ಡ ಪತ್ರವನ್ನು ಗಿರಣಿಯಲ್ಲಿ ನಿಂತೇ ಓದಿದೆ. ಓದಿ ಹಿಟ್ಟಿನ ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದೆ. ಒಂದೂವರೆ ತಿಂಗಳು ಅದು ಅಲ್ಲೇ ಇತ್ತು. ಆ ಡಬ್ಬಿಯ ಕಡೆ ನೋಡುತ್ತಿರಲಿಲ್ಲ. ನಿನ್ನ ಕಾಲು ಕೆಡಿಸಿದವಳು ನಾನು ಎಂಬುದನ್ನು ಒಪ್ಪಿಕೊಳ್ಳುವುದಕ್ಕಿಂತ, ನೀನು ಸುಳ್ಳು ಹೇಳುತ್ತೀ ಎಂದು ನಂಬುವುದು ಸುಲಭವಿತ್ತು. ಎಂಥ ಕೆಟ್ಟವಳು ನೋಡು ನಾನು. ಎಕ್ಸರೇಗೆ ಹೆದರಿದ್ದೂ ನಿಜ. ನನ್ನದೂ ಹೋಗಿದೆ ಎಂದರೆ ನನ್ನ ಲೆಕ್ಕಾಚಾರವೆಲ್ಲ ಸುಳ್ಳಾಗುತ್ತದಲ್ಲ.

ಏಪ್ರಿಲ್ ಹತ್ತಕ್ಕೆ ತಿರಕಪ್ಪ ಕಲ್ಲು ಹೊಡೆಯಲು ಬಂದ. ಕೆಲಸ ಮುಗಿಸಿ, ಹುಳುಕು ಜೋಳ ಬೀಸಿ, ಮೊದಲ ಹಿಟ್ಟನ್ನು ಮೊರದಲ್ಲಿ ತುಂಬಿ ನನ್ನ ಕೈಗೆ ಕೊಟ್ಟು, "ಹಿತ್ತಲದಾಗ ಚೆಲ್ಲಿ ಬಾ ಯಕ್ಕಾ," ಎಂದ. ನಾನು ಮೊರ ಹಿಡಿದು ಹಿತ್ತಲಿಗೆ ಹೋದೆ. ಮೂಲೆಯಲ್ಲಿ ಹಳೆಯ ಮೊದಲ ಹಿಟ್ಟುಗಳು ಗುಪ್ಪೆಯಾಗಿ ಬಿದ್ದಿದ್ದವು, ನಲವತ್ತು ವರ್ಷದ್ದು. ಮೊರವನ್ನು ಅಲ್ಲಿ ಬೋರಲು ಹಾಕುವಾಗ ನಿನ್ನ ಪತ್ರ ನೆನಪಾಯಿತು. ಗಿರಣಿಗೆ ಹಿತ್ತಲಿದೆ ಜಮಾಲಬಿ. ಮೈಗೆ ಹಿತ್ತಲೆಲ್ಲಿದೆ? ಒಳಗೆ ಬೀಸಿದ್ದನ್ನು ಅದು ಎಲ್ಲಿ ಚೆಲ್ಲಬೇಕು? ನಾನು ನಿನಗೆ ನಡೆ, ಪುಡಿ ಹೋಗಲಿ ಎಂದೆ. ಎಲ್ಲಿಗೆ ಹೋಗಲಿ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಕರೆಂಟಿತ್ತು, ಸರತಿಯಲ್ಲಿ ಮಂದಿ ಇದ್ದರು, ಆದರೂ ಗಿರಣಿಯ ಗುಂಡಿ ಒತ್ತಿ ನಿಲ್ಲಿಸಿದೆ. ಕಟ್ಟೆಯ ಮೇಲೆ ಕುಳಿತು ಬಲಗಾಲು ಚಾಚಿದೆ, ಮಡಚಿದೆ. ಕೇಳಿಸಿತು. ಹಾಡುಹಗಲು, ಕಣ್ಣು ತೆರೆದು, ನನ್ನ ಪುಟ್ಟ ಗಿರಣಿ ಗರ್ ಎಂದಿತು. ಎಷ್ಟು ಮುದ್ದಿನಿಂದ ಸಾಕಿದ್ದೆ ಅದನ್ನು!

ಈರಬಸಪ್ಪನವರು ಇಲಿಯ ಬೋನನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಆಮೇಲೆ ನನ್ನ ಎದುರು ನಿಂತು, ತುಟಿ ಕಾಣುವಂತೆ, ನಿಧಾನಕ್ಕೆ ಹೇಳಿದರು: "ಇಲಿ ಅಲ್ಲಂತ ನನಗ ಮೊದಲs ಸಂಶೆ ಇತ್ತು. ನೀ ಆ ಕನಸು ಹೇಳೂ ಮುಂದ ಅಷ್ಟು ಖುಷೀಲೆ ಹೇಳ್ತಿದ್ದಿ. ಹೆಂಗ್ ಹೇಳ್ಲಿ?" ಏಳು ತಿಂಗಳು ಆ ಮನುಷ್ಯ ಖಾಲಿ ಬೋನು ಕಾಯುತ್ತ ಕುಳಿತಿದ್ದರು.

ಮೊನ್ನೆ ಹತ್ತೊಂಬತ್ತಕ್ಕೆ ಎಕ್ಸರೇ ಆಯಿತು. ಕೀಲಿನ ಕೆಳಗೆ ಎಲುಬಿನಲ್ಲಿ ಒಂದು ಕಡಲೆಕಾಳಿನಷ್ಟು ಪೊಳ್ಳು. "ಈಗರ ಬಂದ್ರಲ್ಲ," ಎಂದರು ಡಾಕ್ಟರು. ಮೇ ಹನ್ನೆರಡಕ್ಕೆ ತೆರೆದು ನೋಡುತ್ತಾರೆ. ಲೇಪ ಗಟ್ಟಿಯಿದ್ದರೆ ಪ್ಲಾಸ್ಟಿಕ್ ಮಾತ್ರ ಬದಲಿಸಿ, ಪೊಳ್ಳಿಗೆ ಎಲುಬಿನ ಚೂರು ತುಂಬುತ್ತಾರಂತೆ. ಲೇಪ ಎದ್ದಿದ್ದರೆ ನಿನ್ನ ಹಾಗೆ ಎಲ್ಲವನ್ನೂ ತೆಗೆಯಬೇಕು.

ನನ್ನನ್ನು ಕ್ಷಮಿಸು ಎಂದು ಬರೆಯಲು ಬಾಯಿಲ್ಲ. ಹೆದರಿಕೆಯಾಗಿದೆ ಎಂದು ಮಾತ್ರ ಬರೆಯುತ್ತೇನೆ.

ಶಾರದವ್ವ


ನವಲಗುಂದ
೩ ಮೇ ೨೦೨೫

ಶಾರದಕ್ಕಾ,

ನಾನು ಬರುತ್ತೇನೆ. ಯಜಮಾನರು ಗೆಳೆಯರ ಗಾಡಿ ಹೇಳಿದ್ದಾರೆ. ಈ ಸಲವೂ ಕಿಟಕಿಯ ಮಂಚವನ್ನೇ ಕೇಳಿ ತೆಗೆದುಕೊಳ್ಳಿ, ಬಾಜೂದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಬರೆದು ಮಾತಾಡಲೆಂದು ಔಷಧದ ಚೀಟಿ ಕೂಡಿಡಬೇಡಿ. ಒಂದು ಸಂಗತಿ ತಲೆಯಲ್ಲಿ ತಿರುಗುತ್ತಿದೆ. ಯಾರ ದನಿಯೂ ಕೇಳಿಸದ ನಿಮಗೆ ಮೊಣಕಾಲಿನ ಸದ್ದು ಅಷ್ಟು ಚಂದ ಕೇಳಿಸಿತಲ್ಲ, ಅದು ಯಾವ ದಾರಿಯಿಂದ ಬಂತು? ಕಿವಿಯಿಂದಂತೂ ಅಲ್ಲ. ಬಂದು ಒಂದು ಪರೀಕ್ಷೆ ಮಾಡುತ್ತೇನೆ. ನಗಬಾರದು.

ಜಮಾಲಬಿ


ಬಮ್ಮಿಗಟ್ಟಿ
೧೫ ಜೂನ್ ೨೦೨೫

ತಂಗಿ ಜಮಾಲಬಿಗೆ,

ಹೊಲಿಗೆ ಒಣಗಿದೆ. ಕೋಲು ಹಿಡಿದು ಗಿರಣಿಯವರೆಗೆ ನಡೆಯುತ್ತೇನೆ. ಗಿರಣಿಯನ್ನು ಸದ್ಯಕ್ಕೆ ತಿರಕಪ್ಪ ನೋಡಿಕೊಳ್ಳುತ್ತಿದ್ದಾನೆ. ಅವನ ಹಿಟ್ಟು ದಪ್ಪ ಬರುತ್ತದೆ ಎಂದು ಊರಿನ ಹೆಣ್ಣುಮಕ್ಕಳು ನನ್ನ ಹತ್ತಿರ ಬಂದು ದೂರುತ್ತಾರೆ. ಕೇಳಲು ಹಿತವಾಗಿದೆ.

ನನ್ನ ಲೇಪಕ್ಕೆ ಉಗುರು ಗೀರಿದಷ್ಟೂ ಗಾಯವಿರಲಿಲ್ಲ. ಪ್ಲಾಸ್ಟಿಕ್ ಬದಲಾಯಿತು, ಪೊಳ್ಳು ತುಂಬಿತು. ಅಂದರೆ ಏನಾಯಿತು ನೋಡು: ನನ್ನ ಪತ್ರದಿಂದ ನಿನ್ನ ಕೀಲು ಹೋಯಿತು, ನಿನ್ನ ಪತ್ರದಿಂದ ನನ್ನದು ಉಳಿಯಿತು. ಈ ಮಾತನ್ನು ನೀನು ಬೇಡ ಅನ್ನುತ್ತೀ. ಆದರೂ ಬರೆದಿಡುತ್ತೇನೆ, ನಾನು ಮರೆಯಬಾರದು.

ಈಗ ಮಧ್ಯಾಹ್ನ ಒರಗಿದರೆ ಏನೂ ಕೇಳಿಸುವುದಿಲ್ಲ. ನಿಜ ಹೇಳಲೇ? ಒಂದೊಂದು ದಿನ ಕಾಯುತ್ತೇನೆ. ಎಲುಬು ತಿನ್ನುವ ಸದ್ದಾದರೂ ನನ್ನ ಪಾಲಿಗೆ ಬಂದ ಸದ್ದು ಅದೊಂದೇ ಇತ್ತು. ಹಾಗೆ ಕಾಯುತ್ತಿರುವಾಗ ಮೇ ಹದಿನಾಲ್ಕರ ಆ ಮಧ್ಯಾಹ್ನ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಔಷಧದ ಮಂಪರು. ಕಿಟಕಿಯಿಂದ ಹಳದಿ ಬಿಸಿಲು. ನೀನು ಕುಂಟುತ್ತ ಬಂದೆ. ಆ ಕುಂಟು ನೋಡಿ ನಾನು ಮುಖ ತಿರುಗಿಸಿದೆ. ನೀನು ಕೋಲನ್ನು ಮಂಚಕ್ಕೆ ಒರಗಿಸಿ, ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು, ಕಿವಿಯ ಹಿಂದಿನ ಎಲುಬಿಗೆ ನಿನ್ನ ಗದ್ದ ಒತ್ತಿದೆ. ಹುಚ್ಚು ಹಿಡಿಯಿತು ಇವಳಿಗೆ ಎಂದುಕೊಂಡೆ.

"ಅಕ್ಕಾ," ಎಂದೆ ನೀನು.

ಆರು ವರ್ಷ ನಿನ್ನ ದನಿ ತೆಳ್ಳಗಿದೆ ಎಂದು ತಿಳಿದಿದ್ದೆ, ನಿನ್ನ ಅಕ್ಷರ ತೆಳ್ಳಗಿದೆಯಲ್ಲ ಅದಕ್ಕೆ. ಹಾಗಿಲ್ಲ ಅದು. ದಪ್ಪ ದನಿ, ಸ್ವಲ್ಪ ಒಡಕು, ತಲೆಯೊಳಗೆಲ್ಲ ಬೆಚ್ಚಗೆ ತುಂಬಿಕೊಂಡಿತು. ಗಿರಣಿ ಬಂದ ಎಲುಬಿನ ದಾರಿಯಿಂದಲೇ ನೀನೂ ಬಂದೆ.

ಏನಾದರೂ ಹೇಳು ಎಂದೆ ನಾನು. ಏನು ಹೇಳಲಿ ಎಂದೆ ನೀನು. ಹೋದ ವರ್ಷ ಹೊಡೆದುಹಾಕಿದೆಯಲ್ಲ, ಆ ಸಾಲು ಹೇಳು ಎಂದೆ ನಾನು. ನೀನು ಗದ್ದವನ್ನು ಇನ್ನಷ್ಟು ಒತ್ತಿದೆ. ನಿನ್ನ ಉಸಿರು ಕೂಡ ನನಗೆ ಕೇಳಿಸುತ್ತಿತ್ತು.

"ಅಕ್ಕಾ, ನನಗ ಭಾಳ ನೋವಾಗ್ತೇತ್ರಿ. ಏನ್ ಮಾಡ್ಲಿ?"

ಅಷ್ಟೇ ಇತ್ತು ಅದರಲ್ಲಿ. ಅದನ್ನು ನನಗೆ ಹೇಳಲು ಆಗದಂತೆ ಮಾಡಿದವಳು ನಾನೇ. ಇನ್ನು ಮುಂದೆ ಯಾವ ಸಾಲನ್ನೂ ಹೊಡೆದುಹಾಕಬೇಡ ಜಮಾಲಬಿ. ನವಿಲಿನ ಕೊರಳು ಮುಗಿಯಿತೇ ಬರೆ, ಕಾಲು ಇವತ್ತು ಹೇಗಿದೆ ಬರೆ, ನೋವಿದ್ದರೆ ನೋವಿದೆ ಎಂದೇ ಬರೆ.

ನಿನ್ನ ಅಕ್ಕ
ಶಾರದವ್ವ